ಏನೂ ಬದಲಾಗಿಲ್ಲ ಎನ್ನುವ ಪ್ಯಾಚನ್ನು ಓದುವುದು ಹೇಗೆ

ಪ್ಯಾಚ್ ಎಂದರೆ ಕೋಡಿಗೆ ಮಾಡುವ ಬದಲಾವಣೆಯನ್ನು ಬರೆದು ಕಳಿಸುವ ತುಣುಕು. ಅವುಗಳಲ್ಲಿ ಎರಡು ಬಗೆ. ಒಂದು, "ನಾನು ಇಂಥದ್ದನ್ನು ಬದಲಿಸಿದ್ದೇನೆ" ಎಂದು ಹೇಳುವುದು. ಹೊಸ ಫೀಚರ್, ಬಗ್ ಫಿಕ್ಸ್ ಎಲ್ಲ ಈ ಗುಂಪಿಗೆ ಸೇರುತ್ತವೆ. ಇನ್ನೊಂದು, "ಕೋಡ್ ಮಾಡುವ ಕೆಲಸ ಮೊದಲಿನಂತೆಯೇ ಇದೆ, ನಾನು ಸ್ವಲ್ಪ ಚೊಕ್ಕ ಮಾಡಿದ್ದೇನೆ ಅಷ್ಟೇ" ಎಂದು ಹೇಳುವುದು. ಕ್ಲೀನಪ್ ಎಂದರೆ ಈ ಎರಡನೆಯದು.

ಮೊದಲ ಬಗೆಯ ಪ್ಯಾಚನ್ನು ಎಲ್ಲರೂ ಎಚ್ಚರದಿಂದ ಓದುತ್ತಾರೆ. ಎರಡನೆಯದರ ಮೇಲೆ ಕಣ್ಣಾಡಿಸಿ "ಸರಿ ಇದೆ" ಎಂದುಬಿಡುತ್ತಾರೆ. ನನಗೆ ಇದು ತಲೆಕೆಳಗಾದ ಅಭ್ಯಾಸ ಅನ್ನಿಸುತ್ತದೆ. "ಬದಲಿಸಿದ್ದೇನೆ" ಎನ್ನುವವರು ಏನನ್ನು ಪರೀಕ್ಷಿಸಬೇಕು ಎಂದು ತಾವೇ ಹೇಳಿರುತ್ತಾರೆ. "ಏನೂ ಬದಲಾಗಿಲ್ಲ" ಎನ್ನುವವರು ಏನನ್ನೂ ತೋರಿಸಿರುವುದಿಲ್ಲ. ಅದು ನಿಜವೋ ಅಲ್ಲವೋ ಎಂದು ಹುಡುಕುವ ಕೆಲಸ ಪೂರ್ತಿ ಓದುವವರ ಮೇಲೆ ಬೀಳುತ್ತದೆ.

ಈ ಲೇಖನದಲ್ಲಿ ಲಿನಕ್ಸ್ ಕರ್ನಲ್ ಅನ್ನು, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳನ್ನು, ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಈ ಕರ್ನಲ್‌ನ ಹೊಸ ಆವೃತ್ತಿ ಈಗ ಸುಮಾರು 9-10 ವಾರಕ್ಕೊಮ್ಮೆ ಬರುತ್ತದೆ. ಸಾಮಾನ್ಯವಾಗಿ ಒಂದೊಂದು ಆವೃತ್ತಿಗೂ 10,000ಕ್ಕಿಂತ ಜಾಸ್ತಿ ಬದಲಾವಣೆಗಳು ಸೇರುತ್ತವೆ. ಅವುಗಳಲ್ಲಿ ಸಣ್ಣ ಸಣ್ಣ ಕ್ಲೀನಪ್‌ಗಳೂ ತುಂಬಾ ಇರುತ್ತವೆ.

ಕರ್ನಲ್ ಬೇರೆ ಪ್ರೋಗ್ರಾಂಗಳ ಹಾಗಲ್ಲ ಎಂಬುದನ್ನು ಮೊದಲೇ ನೆನಪಿಡಬೇಕು. ಒಂದು ಆ್ಯಪ್‌ನಲ್ಲಿ ತಪ್ಪಾದರೆ ಸಾಮಾನ್ಯವಾಗಿ ಆ ಆ್ಯಪ್ ಮಾತ್ರ ನಿಲ್ಲುತ್ತದೆ. ಕರ್ನಲ್ ಇಡೀ ಮೆಮೊರಿಯನ್ನು, ಎಲ್ಲ ಹಾರ್ಡ್‌ವೇರನ್ನು ನೇರವಾಗಿ ಮುಟ್ಟುತ್ತದೆ. ಅಲ್ಲಿ ಒಂದು ಪಾಯಿಂಟರ್ (ಮೆಮೊರಿಯ ಜಾಗದ ವಿಳಾಸ) ತಪ್ಪಿದರೆ ಯಂತ್ರವೇ ನಿಲ್ಲಬಹುದು. ಡಿಸ್ಕಿನಲ್ಲಿದ್ದ ಫೈಲ್ ಕೆಡಬಹುದು. ಏನೂ ಅಧಿಕಾರ ಇಲ್ಲದ ಬಳಕೆದಾರರೊಬ್ಬರು ಯಂತ್ರದ ಪೂರ್ತಿ ಹಿಡಿತ ಪಡೆದುಬಿಡಬಹುದು.

ಕ್ಲೀನಪ್‌ಗಳು ಎಲ್ಲಿಂದ ಬರುತ್ತವೆ

ಹೆಚ್ಚಿನ ಕ್ಲೀನಪ್‌ಗಳು ಶುರುವಾಗುವುದು ಟೂಲ್‌ಗಳಿಂದ. ಕರ್ನಲ್ ಜೊತೆಗೇ ಬರುವ ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ಕೋಡಿನ ಶೈಲಿಯನ್ನು ನೋಡಿ ದೂರು ಹೇಳುತ್ತದೆ. ಸಾಲು ಉದ್ದವಾಯಿತು, ಇಲ್ಲಿ ಖಾಲಿ ಜಾಗ ಬೇಡ, ಈ ಬ್ರೇಸ್ ಅನಗತ್ಯ, ಹೀಗೆ. ಫ್ರಾನ್ಸಿನ ಸಂಶೋಧಕರು ಬೆಳೆಸಿದ ಕಾಕ್ಸಿನೆಲ್ ಎಂಬ ಟೂಲ್ ಇನ್ನೂ ಬುದ್ಧಿವಂತ. "ಈ ಬಗೆಯ ಕೋಡ್ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹೀಗೆ ಬದಲಿಸು" ಎಂದರೆ ಇಡೀ ಕರ್ನಲ್‌ನಲ್ಲಿ ಹುಡುಕಿ ಬದಲಿಸಿಕೊಡುತ್ತದೆ. ಕಂಪೈಲರ್ ಕೊಡುವ ವಾರ್ನಿಂಗ್‌ಗಳು ಇನ್ನೊಂದು ಮೂಲ.

ಇನ್ನು ಹೊಸಬರು. 2008ರಲ್ಲಿ ಕರ್ನಲ್ ಒಳಗೆ ಸ್ಟೇಜಿಂಗ್ ಎಂಬ ವಿಭಾಗ ಶುರುವಾಯಿತು. ಇನ್ನೂ ಹದಕ್ಕೆ ಬಾರದ ಡ್ರೈವರ್‌ಗಳು (ಹಾರ್ಡ್‌ವೇರ್ ನಡೆಸುವ ಕೋಡ್) ಅಲ್ಲಿ ಇರುತ್ತವೆ. ಕರ್ನಲ್ ಕೆಲಸ ಕಲಿಯಲು ಬಂದವರು ಮೊದಲ ಪ್ಯಾಚ್ ಕಳಿಸುವುದು ಬಹಳ ಸಲ ಇಲ್ಲಿಗೇ. ಒಂದು ಸಾಲು ಸರಿ ಮಾಡಿ, ವಿವರಣೆ ಬರೆದು, ಸಹಿ ಹಾಕಿ ಕಳಿಸುವ ಕ್ರಮ ಅಲ್ಲಿ ಕೈಗೆ ಹತ್ತುತ್ತದೆ. ಇದು ಒಳ್ಳೆಯ ವ್ಯವಸ್ಥೆ. ತೊಂದರೆ ಶುರುವಾಗುವುದು ಅದೇ ಅಭ್ಯಾಸವನ್ನು ಹಿಡಿದು ಫೈಲ್‌ಸಿಸ್ಟಂಗೋ ನೆಟ್‌ವರ್ಕ್ ಕೋಡಿಗೋ ಹೋದಾಗ.

ಟೂಲ್ ಹೇಳಿತು ಎಂಬುದು ಬದಲಿಸಲು ಸಾಕಾಗುವ ಕಾರಣ ಅಲ್ಲ. ಕರ್ನಲ್ ದಾಖಲೆಗಳೇ ಚೆಕ್‌ಪ್ಯಾಚನ್ನು ದಾರಿ ತೋರಿಸುವ ಸಾಧನ ಎಂದು ಕರೆಯುತ್ತವೆ, ಮನುಷ್ಯರ ವಿವೇಚನೆಯ ಜಾಗ ಅದಕ್ಕೆ ಕೊಟ್ಟಿಲ್ಲ. ಸಾಲಿನ ಉದ್ದದ ವಿಷಯವನ್ನೇ ನೋಡಿ. ವರ್ಷಗಟ್ಟಲೆ 80 ಅಕ್ಷರ ದಾಟಿದರೆ ಅದು ವಾರ್ನಿಂಗ್ ಕೊಡುತ್ತಿತ್ತು. ಆ ವಾರ್ನಿಂಗ್ ತಪ್ಪಿಸಲು ಸಾಲುಗಳನ್ನು ಅಲ್ಲಲ್ಲಿ ಮುರಿದು ಓದಲಾಗದ ಹಾಗೆ ಮಾಡಿದ ಪ್ಯಾಚ್‌ಗಳು ಸಾಲುಸಾಲಾಗಿ ಬರುತ್ತಿದ್ದವು. 2020ರಲ್ಲಿ ಆ ಮಿತಿಯನ್ನು 100ಕ್ಕೆ ಏರಿಸಿದರು.

ಮೂರು ಸಾಲಿನ ಕಿಟಕಿ

ಪ್ಯಾಚ್‌ನಲ್ಲಿ ಹಳೆಯ ಮತ್ತು ಹೊಸ ಸಾಲುಗಳನ್ನು ತೋರಿಸುವ ಡಿಫ್ ಎಂಬುದು ಒಂದು ಸಣ್ಣ ಕಿಟಕಿ. ಬದಲಾದ ಜಾಗದ ಮೇಲೆ ಮೂರು ಸಾಲು, ಕೆಳಗೆ ಮೂರು ಸಾಲು ತೋರಿಸುತ್ತದೆ. ಕ್ಲೀನಪ್ ತಪ್ಪಾಗಿದ್ದರೆ ಆ ತಪ್ಪಿನ ಸುಳಿವು ಬಹುಪಾಲು ಈ ಕಿಟಕಿಯ ಹೊರಗೆ ಇರುತ್ತದೆ. ಆದ್ದರಿಂದ ಸಣ್ಣ ಪ್ಯಾಚ್‌ನ ರಿವ್ಯೂ ಎಂದರೆ ಡಿಫ್ ಓದುವುದಕ್ಕಿಂತ ಜಾಸ್ತಿ, ಫೈಲ್ ತೆರೆದು ಸುತ್ತಲಿನ ಕೋಡ್ ಓದುವುದು.

ಒಂದು ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅಕ್ಷರಗಳ ಸಾಲನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಕಾಪಿ ಮಾಡಲು ಸಿ ಭಾಷೆಯಲ್ಲಿ ಸ್ಟ್ರ್‌ಎನ್‌ಕಾಪಿ ಎಂಬ ಹಳೆಯ ಫಂಕ್ಷನ್ ಇದೆ. ಅದಕ್ಕೊಂದು ಕೆಟ್ಟ ಗುಣ. ಮೂಲದ ಹೆಸರು ಉದ್ದವಾಗಿದ್ದು ಜಾಗ ತುಂಬಿಬಿಟ್ಟರೆ ಕೊನೆಗೆ ಇರಬೇಕಾದ ಸೊನ್ನೆ ಬೈಟ್ ಹಾಕುವುದೇ ಇಲ್ಲ. ಓದುವ ಕೋಡ್ ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ಮುಂದಿನ ಮೆಮೊರಿಗೆ ನುಗ್ಗುತ್ತದೆ. ಹಾಗಾಗಿ 2015ರಲ್ಲಿ ಕರ್ನಲ್‌ಗೆ ಸ್ಟ್ರ್‌ಎಸ್‌ಕಾಪಿ ಎಂಬ ಹೊಸ ಫಂಕ್ಷನ್ ಬಂತು. ಜಾಗ ಸಾಲದಿದ್ದರೂ ಇದು ಕೊನೆಯ ಸೊನ್ನೆಯನ್ನು ಹಾಕಿಯೇ ತೀರುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಹಾಕುವ ಪ್ಯಾಚ್‌ಗಳು ಅಂದಿನಿಂದ ಬರುತ್ತಲೇ ಇವೆ. ಡಿಫ್‌ನಲ್ಲಿ ಕಾಣುವುದು ಒಂದೇ ಸಾಲು. ಒಂದು ಅಕ್ಷರ ಮಾತ್ರ ಬದಲಾಗಿರುತ್ತದೆ. ಒಳ್ಳೆಯದೇ ಅಲ್ವಾ?

ಬಹಳ ಸಲ ಒಳ್ಳೆಯದೇ. ಆದರೆ ಹಳೆಯ ಫಂಕ್ಷನ್‌ಗೆ ಇನ್ನೊಂದು ಗುಣ ಇತ್ತು. ಹೆಸರು ಚಿಕ್ಕದಾಗಿದ್ದರೆ ಉಳಿದ ಜಾಗವನ್ನೆಲ್ಲ ಅದು ಸೊನ್ನೆಯಿಂದ ತುಂಬುತ್ತಿತ್ತು. 32 ಬೈಟ್ ಜಾಗದಲ್ಲಿ 4 ಅಕ್ಷರದ ಹೆಸರು ಹಾಕಿದರೆ ಮಿಕ್ಕ 28 ಬೈಟ್ ಸೊನ್ನೆ. ಹೊಸ ಫಂಕ್ಷನ್ ಆ 4 ಅಕ್ಷರ, ಅದರ ಕೊನೆಗೊಂದು ಸೊನ್ನೆ, ಇಷ್ಟಕ್ಕೆ ಮಾತ್ರ ಹೊಣೆ. ಉಳಿದ 27 ಬೈಟ್‌ನಲ್ಲಿ ಮೊದಲು ಏನಿತ್ತೋ ಅದು ಹಾಗೇ ಇರಬಹುದು. ಆ ಜಾಗ ಕರ್ನಲ್ ಒಳಗೇ ಉಳಿದರೆ ತೊಂದರೆ ಇಲ್ಲ. ಅದು ಒಂದು ಸ್ಟ್ರಕ್ಚರ್‌ನ (ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಕಟ್ಟಿನ) ಭಾಗವಾಗಿದ್ದು, ಆ ಸ್ಟ್ರಕ್ಚರ್ ಪೂರ್ತಿಯಾಗಿ ಬಳಕೆದಾರರ ಪ್ರೋಗ್ರಾಂಗೆ ಕಾಪಿ ಆಗುವುದಾದರೆ? ಕರ್ನಲ್ ಮೆಮೊರಿಯ 27 ಬೈಟ್ ಹೊರಗೆ ಸೋರಿತು. ಅದರಲ್ಲಿ ಪಾಯಿಂಟರ್ ಇರಬಹುದು, ಯಾವುದೋ ಕೀ ಇರಬಹುದು.

ಹಾಗಾದರೆ ರಿವ್ಯೂ ಮಾಡುವವರು ಏನು ನೋಡಬೇಕು? ಆ ಸ್ಟ್ರಕ್ಚರ್ ಎಲ್ಲಿ ಹುಟ್ಟಿತು? ಹುಟ್ಟುವಾಗಲೇ ಸೊನ್ನೆಯಿಂದ ತುಂಬಿದ್ದಾರಾ? ಅದು ಕೊನೆಗೆ ಎಲ್ಲಿಗೆ ಹೋಗುತ್ತದೆ? ಈ ಉತ್ತರಗಳು ಡಿಫ್‌ನಲ್ಲಿ ಇರುವುದಿಲ್ಲ. ಒಂದು ನಲವತ್ತು ಸಾಲು ಮೇಲೆ ಇರಬಹುದು, ಇನ್ನೊಂದು ಬೇರೆ ಫೈಲ್‌ನಲ್ಲೇ ಇರಬಹುದು. ಸೊನ್ನೆ ತುಂಬುವುದು ಬೇಕೇ ಬೇಕು ಎಂದಾದರೆ ಅದಕ್ಕೆಂದೇ ಸ್ಟ್ರ್‌ಎಸ್‌ಕಾಪಿ-ಪ್ಯಾಡ್ ಎಂಬ ಇನ್ನೊಂದು ಫಂಕ್ಷನ್ ಇದೆ. ಪ್ಯಾಚ್ ಬರೆದವರು "ಈ ಸ್ಟ್ರಕ್ಚರ್ ಮೊದಲೇ ಸೊನ್ನೆ ಆಗಿದೆ, ಆದ್ದರಿಂದ ಪ್ಯಾಡ್ ಬೇಡ" ಎಂದು ವಿವರಣೆಯಲ್ಲಿ ಒಂದು ಸಾಲು ಬರೆದಿದ್ದರೆ ನನಗೆ ಅರ್ಧ ನಂಬಿಕೆ ಅಲ್ಲೇ ಬರುತ್ತದೆ. ಅವರು ಕಿಟಕಿಯ ಹೊರಗೆ ಇಣುಕಿದ್ದಾರೆ ಎಂದು ಗೊತ್ತಾಗುತ್ತದೆ.

ಇದರ ಸೋದರ ಸ್ಟ್ರ್‌ಎಲ್‌ಕಾಪಿಯ ಕತೆ ಇನ್ನೂ ಸೂಕ್ಷ್ಮ. ಅದು ಎಷ್ಟೇ ಕಾಪಿ ಮಾಡಿದರೂ ಮೂಲದ ಪೂರ್ತಿ ಉದ್ದವನ್ನು ವಾಪಸ್ ಕೊಡುತ್ತಿತ್ತು. ಸ್ಟ್ರ್‌ಎಸ್‌ಕಾಪಿ ಜಾಗ ಸಾಲದಾಗ ಋಣ ಸಂಖ್ಯೆ ಕೊಡುತ್ತದೆ, ಮೈನಸ್ 7. ಹಳೆಯ ಕೋಡ್ "ವಾಪಸ್ ಬಂದದ್ದು ಬಫರ್‌ನ (ಕಾಪಿ ಆಗುವ ಜಾಗದ) ಅಳತೆಯಷ್ಟು ಅಥವಾ ಅದಕ್ಕಿಂತ ದೊಡ್ಡದೇ?" ಎಂದು ಕೇಳಿ ಜಾಗ ಸಾಲದ್ದನ್ನು ಪತ್ತೆ ಮಾಡುತ್ತಿತ್ತು. ಹೆಸರು ಮಾತ್ರ ಬದಲಿಸಿದರೆ ಈ ಪ್ರಶ್ನೆ ಈಗ ಮೈನಸ್ 7ರ ಮೇಲೆ ನಡೆಯುತ್ತದೆ. ಬಫರ್‌ನ ಅಳತೆ ಅನ್‌ಸೈನ್ಡ್ (ಋಣ ಆಗಲಾರದ ಸಂಖ್ಯೆ) ಆಗಿದ್ದರೆ ಸಿ ಭಾಷೆಯ ನಿಯಮದ ಪ್ರಕಾರ ಆ ಋಣ ಸಂಖ್ಯೆಯೇ ಒಂದು ದೈತ್ಯ ಸಂಖ್ಯೆಯಾಗಿ ಬದಲಾಗಿ, ಉತ್ತರ ಅದೃಷ್ಟದಿಂದ ಸರಿ ಬರಬಹುದು. ಅಳತೆ ಸಾಮಾನ್ಯ ಇಂಟ್ ಆಗಿದ್ದರೆ ಮೈನಸ್ 7 ಯಾವತ್ತೂ ದೊಡ್ಡದಾಗುವುದಿಲ್ಲ, ತಪ್ಪು ಯಾವತ್ತೂ ಸಿಕ್ಕುವುದಿಲ್ಲ. ನೋಡಲು ಒಂದೇ ತರಹದ ಎರಡು ಪ್ಯಾಚ್, ಒಂದು ಸರಿ, ಒಂದು ತಪ್ಪು. ಇಷ್ಟೆಲ್ಲ ಜಾಗಗಳನ್ನು ಒಂದೊಂದಾಗಿ ನೋಡಿ ಮುಗಿಸಿದ ಮೇಲೆ, 2024ರಲ್ಲಿ ಬಂದ 6.8ನೇ ಆವೃತ್ತಿಯಲ್ಲಿ ಸ್ಟ್ರ್‌ಎಲ್‌ಕಾಪಿಯನ್ನು ಕರ್ನಲ್‌ನಿಂದ ಪೂರ್ತಿ ತೆಗೆದುಹಾಕಿದರು.

ಬೇಡದ್ದು ಎಂದು ಕಾಣುವ ಸಾಲುಗಳು

ಕಂಪೈಲರ್ ಒಂದು ವಾರ್ನಿಂಗ್ ಕೊಡುತ್ತದೆ: ಈ ವೇರಿಯಬಲ್‌ಗೆ ಬೆಲೆ ಹಾಕಿದ್ದೀರಿ, ಎಲ್ಲೂ ಬಳಸಿಲ್ಲ. ಸರಿ, ಆ ಸಾಲನ್ನೇ ತೆಗೆದರಾಯಿತು ಎಂದು ಪ್ಯಾಚ್ ಬರುತ್ತದೆ. ಆ ಸಾಲಿನಲ್ಲಿ ಹಾರ್ಡ್‌ವೇರ್‌ನ ಒಂದು ರಿಜಿಸ್ಟರ್ (ಸಾಧನದೊಳಗಿನ ಪುಟ್ಟ ಮೆಮೊರಿ) ಓದಿ ವೇರಿಯಬಲ್‌ಗೆ ಹಾಕಿದ್ದಾರೆ ಅಂತಿಟ್ಟುಕೊಳ್ಳಿ. ಓದಿದ ಬೆಲೆ ಯಾರಿಗೂ ಬೇಡ ಎನ್ನುವುದು ನಿಜ. ಆದರೆ ಓದುವ ಕೆಲಸ ಬೇಕಿರಬಹುದು. ಕೆಲವು ಸಾಧನಗಳಲ್ಲಿ ಸ್ಟೇಟಸ್ ರಿಜಿಸ್ಟರ್ ಓದಿದರೆ ಮಾತ್ರ ಇಂಟರಪ್ಟ್ (ಸಾಧನ ಸಿಪಿಯುವಿಗೆ ಕೊಡುವ ಕರೆ) ಅಳಿಯುತ್ತದೆ. ಸಾಧನಗಳನ್ನು ಜೋಡಿಸುವ ಪಿಸಿಐ ಬಸ್‌ನಲ್ಲಿ ಬರೆದದ್ದು ತಕ್ಷಣ ಸಾಧನಕ್ಕೆ ಮುಟ್ಟಬೇಕೆಂದಿಲ್ಲ, ದಾರಿಯಲ್ಲಿ ಕಾಯುತ್ತಿರಬಹುದು. ಅದೇ ಸಾಧನದಿಂದ ಏನನ್ನಾದರೂ ಓದಿದರೆ, ಮೊದಲು ಬರೆದದ್ದೆಲ್ಲ ಮುಟ್ಟಿದ ಮೇಲೆಯೇ ಉತ್ತರ ಬರುತ್ತದೆ. ಹಾಗಾಗಿ ಡ್ರೈವರ್ ಬರೆಯುವವರು ಬೇಕೆಂದೇ ಒಂದು ರೀಡ್ ಹಾಕಿರುತ್ತಾರೆ. ಸರಿಯಾದ ಕ್ಲೀನಪ್ ಎಂದರೆ ವೇರಿಯಬಲ್ ತೆಗೆದು ರೀಡ್ ಉಳಿಸುವುದು, ಜೊತೆಗೆ ಅದು ಏಕಿದೆ ಎಂದು ಒಂದು ಕಾಮೆಂಟ್ ಬರೆಯುವುದು.

ರೀಡ್-ಒನ್ಸ್ ಎಂಬ ಮ್ಯಾಕ್ರೋ ಕೂಡ ಹೀಗೇ. ನೋಡಲು ಅಲಂಕಾರದ ಹಾಗಿರುತ್ತದೆ, ತೆಗೆದರೂ ಕಂಪೈಲ್ ಆಗುತ್ತದೆ, ಟೆಸ್ಟೂ ಪಾಸಾಗುತ್ತದೆ. ಅದು ಇದ್ದದ್ದು ಇನ್ನೊಂದು ಸಿಪಿಯು ಅದೇ ಬೆಲೆಯನ್ನು ಬದಲಿಸುತ್ತಿರುವಾಗ ಕಂಪೈಲರ್ ಎರಡೆರಡು ಸಲ ಓದದಿರಲಿ ಎಂದು.

ಡಿಲೇಗಳ ವಿಷಯ ಕ್ಲೀನಪ್‌ಗಳಲ್ಲಿ ಪದೇ ಪದೇ ಬರುತ್ತದೆ. ಯು-ಡಿಲೇ ಎಂಬುದು ಸಿಪಿಯುವನ್ನು ಸುಮ್ನೆ ಸುತ್ತಿಸಿ ಸಮಯ ಕಳೆಯುತ್ತದೆ. ಯು-ಸ್ಲೀಪ್-ರೇಂಜ್ ನಿದ್ದೆ ಮಾಡಿ ಸಿಪಿಯುವನ್ನು ಬೇರೆಯವರಿಗೆ ಬಿಟ್ಟುಕೊಡುತ್ತದೆ. ಎರಡನೆಯದು ಒಳ್ಳೆಯದು ಎಂದು ಚೆಕ್‌ಪ್ಯಾಚ್ ಕೂಡ ಸೂಚಿಸುತ್ತದೆ. ಆದರೆ ಈ ಫಂಕ್ಷನ್ ಅನ್ನು ಕರೆದವರು ಸ್ಪಿನ್‌ಲಾಕ್ (ಬೇರೆ ಸಿಪಿಯುಗಳನ್ನು ಸುತ್ತುತ್ತಾ ಕಾಯಿಸುವ ಬೀಗ) ಹಿಡಿದಿದ್ದರೆ, ಅಥವಾ ಇದು ಇಂಟರಪ್ಟ್ ಬಂದಾಗ ಓಡುವ ಹ್ಯಾಂಡ್ಲರ್ ಒಳಗೆ ನಡೆಯುತ್ತಿದ್ದರೆ, ಅಲ್ಲಿ ನಿದ್ದೆ ಮಾಡುವಂತಿಲ್ಲ. ಚೆಕ್‌ಪ್ಯಾಚ್‌ಗೆ ಇದು ತಿಳಿಯುವುದಿಲ್ಲ, ಏಕೆಂದರೆ ಅದು ನೋಡುವುದು ಬರೆದ ಅಕ್ಷರಗಳನ್ನು ಮಾತ್ರ. ಕರೆಯುವ ಫಂಕ್ಷನ್‌ಗಳ ಸರಪಣಿಯನ್ನು ಹಿಂದಕ್ಕೆ ಹಿಂದಕ್ಕೆ ಹೋಗಿ ನೋಡುವ ಕೆಲಸ ನಮ್ಮದು.

2009ರ ಒಂದು ಘಟನೆ ಈ ಮಾತಿಗೆ ಚೆನ್ನಾಗಿ ಹೊಂದುತ್ತದೆ. ಟನ್ ಎಂಬ ವರ್ಚುವಲ್ ನೆಟ್‌ವರ್ಕ್ ಡ್ರೈವರ್‌ನಲ್ಲಿ ಒಂದು ಪಾಯಿಂಟರ್ ಖಾಲಿಯೇ ಎಂದು ನೋಡುವ ಪರೀಕ್ಷೆ ಇತ್ತು. ಆ ಪರೀಕ್ಷೆಗಿಂತ ಮೇಲೆ, ವೇರಿಯಬಲ್ ಘೋಷಿಸುವ ಸಾಲಿನಲ್ಲೇ, ಅದೇ ಪಾಯಿಂಟರ್ ಒಳಗಿನ ಬೆಲೆಯನ್ನು ಓದಿ ಹಾಕಿದ್ದರು. ಘೋಷಣೆ ಮತ್ತು ಬೆಲೆಯನ್ನು ಒಂದೇ ಸಾಲಿನಲ್ಲಿ ಬರೆಯುವುದು ನೋಡಲು ಅಚ್ಚುಕಟ್ಟು. ಕಂಪೈಲರ್ ಮಾತ್ರ ಬೇರೆ ಲೆಕ್ಕ ಹಾಕಿತು. ಪಾಯಿಂಟರ್ ಒಳಗೆ ಆಗಲೇ ಓದಿಯಾಗಿದೆ, ಹಾಗಾದರೆ ಅದು ಖಾಲಿ ಇರಲು ಸಾಧ್ಯವಿಲ್ಲ, ಹಾಗಾದರೆ ಕೆಳಗಿನ ಪರೀಕ್ಷೆ ಬೇಡ. ಪರೀಕ್ಷೆಯನ್ನೇ ಕಿತ್ತುಹಾಕಿತು. ಮೂಲ ಕೋಡ್‌ನಲ್ಲಿ ಕಣ್ಣಿಗೆ ಕಾಣುವ ಪರೀಕ್ಷೆ, ತಯಾರಾದ ಕರ್ನಲ್‌ನಲ್ಲಿ ಇರಲೇ ಇಲ್ಲ. ಇದನ್ನು ಬಳಸಿಕೊಂಡು ಸಾಮಾನ್ಯ ಬಳಕೆದಾರರು ರೂಟ್ ಅಧಿಕಾರ (ಯಂತ್ರದ ಪೂರ್ತಿ ಹಿಡಿತ) ಪಡೆಯಲು ದಾರಿಯಾಯಿತು. ಆ ಸಾಲನ್ನು ಪರೀಕ್ಷೆಯ ಕೆಳಗೆ ಸರಿಸಿ ಸರಿ ಮಾಡಿದರು. ಇಂಥ ಪರೀಕ್ಷೆಗಳನ್ನು ಕೀಳಬೇಡ ಎಂದು ಕಂಪೈಲರ್‌ಗೆ ಹೇಳುವ ಆಯ್ಕೆಯನ್ನೂ ಕರ್ನಲ್‌ನ ಬಿಲ್ಡ್‌ಗೆ ಸೇರಿಸಿದರು. "ಘೋಷಣೆ ಮತ್ತು ಬೆಲೆ ಒಟ್ಟಿಗೆ ಸೇರಿಸಿದ್ದೇನೆ" ಎನ್ನುವ ಕ್ಲೀನಪ್ ಇವತ್ತು ಬಂದರೂ ನಾನು ಮೊದಲು ನೋಡುವುದು ಇದನ್ನೇ. ಆ ಬೆಲೆ ಹುಟ್ಟುವ ಜಾಗ ಯಾವುದಾದರೂ ಪರೀಕ್ಷೆಯನ್ನು ದಾಟಿ ಮೇಲಕ್ಕೆ ಹೋಯಿತೇ?

ಕರ್ನಲ್‌ನ ಹೊರಗಿನದಾದರೂ ಒಂದು ಪ್ರಕರಣವನ್ನು ಇಲ್ಲಿ ಹೇಳಲೇಬೇಕು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ, ಗೂಢಲಿಪಿ ಕೀಗಳನ್ನು ಹುಟ್ಟಿಸುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್‌ನಲ್ಲಿ 2006ರಲ್ಲಿ ಎರಡು ಸಾಲುಗಳನ್ನು ತೆಗೆದರು. ಮೆಮೊರಿ ಪರೀಕ್ಷಿಸುವ ಟೂಲ್ ಆ ಸಾಲುಗಳ ಬಗ್ಗೆ ದೂರು ಹೇಳುತ್ತಿತ್ತು, ಅದನ್ನು ನಿಲ್ಲಿಸುವುದಷ್ಟೇ ಉದ್ದೇಶ. ಯಾದೃಚ್ಛಿಕ ಸಂಖ್ಯೆಗಳಿಗೆ ಬೇಕಾದ ಬೀಜ ಸೇರುತ್ತಿದ್ದದ್ದು ಅದೇ ಸಾಲಿನಿಂದ. ತೆಗೆದ ಮೇಲೆ ಉಳಿದದ್ದು ಪ್ರೋಸೆಸ್ ನಂಬರ್ ಮಾತ್ರ, ಅಂದರೆ ಹೆಚ್ಚೆಂದರೆ 32,768 ಸಾಧ್ಯತೆಗಳು. 2008ರ ಮೇ ತಿಂಗಳಲ್ಲಿ ಇದು ಬೆಳಕಿಗೆ ಬರುವವರೆಗೆ ಆ ಪ್ಯಾಕೇಜ್‌ನಿಂದ ಹುಟ್ಟಿದ ಕೀಗಳನ್ನೆಲ್ಲ ಊಹಿಸಬಹುದಾಗಿತ್ತು.

ಅಳಿಸುವ ಕ್ರಮ

ಡ್ರೈವರ್‌ಗಳಲ್ಲಿ ಈಗ ಜನಪ್ರಿಯವಾದ ಕ್ಲೀನಪ್ ಒಂದಿದೆ. ಮೆಮೊರಿ, ಇಂಟರಪ್ಟ್, ಕ್ಲಾಕ್ ಇವನ್ನು ಕೈಯಾರೆ ಪಡೆದು ಕೈಯಾರೆ ಬಿಡುವ ಬದಲು ಡೆವ್-ಎಂ ಎಂದು ಶುರುವಾಗುವ ಫಂಕ್ಷನ್‌ಗಳನ್ನು ಬಳಸುವುದು. ಸಾಧನ ಹೋದಾಗ ಇವೆಲ್ಲ ತಾವೇ ಬಿಡುಗಡೆ ಆಗುತ್ತವೆ, ಪಡೆದ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ. ಕೋಡ್ ಚಿಕ್ಕದಾಗುತ್ತದೆ, ತಪ್ಪಿನ ದಾರಿಗಳಲ್ಲಿ ಮೆಮೊರಿ ಸೋರುವುದು ನಿಲ್ಲುತ್ತದೆ. ನನಗೂ ಇದು ಇಷ್ಟ.

ಆದರೆ ಸಮಯವನ್ನು ಗಮನಿಸಿ. ಈ ತಾನಾಗಿ ಆಗುವ ಬಿಡುಗಡೆ ನಡೆಯುವುದು ಡ್ರೈವರ್‌ನ ರಿಮೂವ್ ಫಂಕ್ಷನ್ ಮುಗಿದ ಮೇಲೆ. ಮೊದಲು ರಿಮೂವ್ ಹೀಗಿತ್ತು ಎನ್ನಿ: ಇಂಟರಪ್ಟ್ ಬಿಡು, ಆಮೇಲೆ ಬಫರ್ ಬಿಡು. ಪ್ಯಾಚ್ ಬಂದು ಇಂಟರಪ್ಟನ್ನು ಮಾತ್ರ ಡೆವ್-ಎಂಗೆ ಬದಲಿಸಿತು, ಬಫರ್ ಹಾಗೇ ಉಳಿಯಿತು. ಈಗ ರಿಮೂವ್ ಒಳಗೆ ಬಫರ್ ಹೋಗುತ್ತದೆ, ಇಂಟರಪ್ಟ್ ಇನ್ನೂ ಜೀವಂತ. ಆ ಸಣ್ಣ ಅವಧಿಯಲ್ಲಿ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಬಿಟ್ಟುಹೋದ ಮೆಮೊರಿಯನ್ನು ಮುಟ್ಟುತ್ತದೆ. ಟೆಸ್ಟ್‌ನಲ್ಲಿ ಇದು ಸಿಕ್ಕುವುದೇ ಅಪರೂಪ. ಅರ್ಧ ಬದಲಿಸಿದ ಡ್ರೈವರ್, ಪೂರ್ತಿ ಹಳೆಯ ಡ್ರೈವರ್‌ಗಿಂತ ಅಪಾಯ. ಇನ್ನೊಂದು ಬಲೆ: ಡೆವ್-ಎಂ ಮೆಮೊರಿಯ ಆಯಸ್ಸು ಸಾಧನ ಡ್ರೈವರ್‌ಗೆ ಅಂಟಿಕೊಂಡಿರುವವರೆಗೆ ಮಾತ್ರ. ಯಾವುದೋ ಪ್ರೋಗ್ರಾಂ ಆ ಸಾಧನದ ಫೈಲನ್ನು ಇನ್ನೂ ತೆರೆದಿಟ್ಟಿರುವಾಗಲೇ ಸಾಧನವನ್ನು ಕಿತ್ತರೆ, ಫೈಲ್ ಇರುತ್ತದೆ, ಅದರ ಹಿಂದಿನ ಮೆಮೊರಿ ಇರುವುದಿಲ್ಲ.

2023ರಲ್ಲಿ, 6.5ನೇ ಆವೃತ್ತಿಯಿಂದ, ಗಾರ್ಡ್ ಎಂಬ ಸೌಲಭ್ಯ ಬಂದಿದೆ. ಲಾಕ್ ಹಿಡಿದರೆ ಸಾಕು, ಆ ಬ್ಲಾಕ್ ಮುಗಿದಾಗ ತಾನೇ ಬಿಡುತ್ತದೆ. ಇಲ್ಲಿ ನೋಡಬೇಕಾದದ್ದು ಎರಡು. ಮೊದಲು ಲಾಕ್ ಮಧ್ಯದಲ್ಲೇ ಬಿಡುತ್ತಿತ್ತು, ಈಗ ಬ್ಲಾಕ್‌ನ ಕೊನೆಯವರೆಗೆ ಹಿಡಿದೇ ಇರುತ್ತದೆಯೇ? ಬೇರೆ ಸಾಲಿಗೆ ಜಿಗಿಯುವ ಹಳೆಯ ಗೋಟು ಸಾಲುಗಳ ಜೊತೆ ಇದನ್ನು ಬೆರೆಸಿದ್ದಾರೆಯೇ? ಒಂದೇ ಫಂಕ್ಷನ್‌ನಲ್ಲಿ ಎರಡನ್ನೂ ಬೆರೆಸಬೇಡಿ ಎಂದು ಕರ್ನಲ್ ದಾಖಲೆಯೇ ಹೇಳುತ್ತದೆ.

ಅನ್‌ಸೈನ್ಡ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕರ್ನಲ್ ಫಂಕ್ಷನ್‌ಗಳು ತಪ್ಪನ್ನು ಋಣ ಸಂಖ್ಯೆಯಾಗಿ ತಿಳಿಸುತ್ತವೆ. ಮೆಮೊರಿ ಸಿಗದಿದ್ದರೆ ಮೈನಸ್ 12, ತಪ್ಪು ಆರ್ಗ್ಯುಮೆಂಟ್ ಆದರೆ ಮೈನಸ್ 22. "ಈ ವೇರಿಯಬಲ್ ಋಣ ಆಗುವುದಿಲ್ಲ, ಅನ್‌ಸೈನ್ಡ್ ಮಾಡಿದ್ದೇನೆ" ಎಂಬ ಪ್ಯಾಚ್ ಬಂದರೆ ಆ ವೇರಿಯಬಲ್ ಬಳಸಿದ ಪ್ರತಿಯೊಂದು ಜಾಗ ನೋಡಿ. ಎಲ್ಲೋ ಒಂದು ಕಡೆ "ಸೊನ್ನೆಗಿಂತ ಕಡಿಮೆಯೇ?" ಎಂಬ ಪರೀಕ್ಷೆ ಇದ್ದರೆ ಅದು ಸತ್ತುಹೋಯಿತು. ಕೆಳಮುಖವಾಗಿ ಎಣಿಸುವ ಲೂಪ್ ಇದ್ದರೆ ಅದು ಕೊನೆಯಾಗದೆ ಸುತ್ತಬಹುದು.

ನಂಬುವುದಕ್ಕಿಂತ ಹೋಲಿಸುವುದು

ಒಳ್ಳೆಯ ಸುದ್ದಿ ಏನೆಂದರೆ "ಏನೂ ಬದಲಾಗಿಲ್ಲ" ಎಂಬ ಮಾತನ್ನು ಹಲವು ಸಲ ಯಂತ್ರದಿಂದಲೇ ಪರೀಕ್ಷಿಸಬಹುದು. ಖಾಲಿ ಜಾಗ, ಕಾಮೆಂಟ್, ಹೆಸರು ಇಷ್ಟೇ ಬದಲಾಗಿದ್ದರೆ, ಪ್ಯಾಚ್‌ಗೆ ಮೊದಲು ಮತ್ತು ನಂತರ ಕಂಪೈಲ್ ಮಾಡಿ ಆಬ್ಜೆಕ್ಟ್ ಫೈಲ್‌ನ ಮೆಷಿನ್ ಕೋಡ್ ಹೋಲಿಸಿ. ಒಂದೇ ಆಗಿರಬೇಕು. ಸಾಲಿನ ನಂಬರ್ ಬಳಸುವ ವಾರ್ನಿಂಗ್ ಮ್ಯಾಕ್ರೋಗಳಿಂದ ಮತ್ತು ಡಿಬಗ್ ಮಾಹಿತಿಯಿಂದ ಸಣ್ಣ ವ್ಯತ್ಯಾಸ ಬರಬಹುದು, ಅದನ್ನು ಬದಿಗಿಟ್ಟು ನೋಡಿ. ಬೇರೆ ಯಾವುದೇ ವ್ಯತ್ಯಾಸ ಕಂಡರೆ ಅದು ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಕೂಡ ಸಹಾಯ ಮಾಡುತ್ತದೆ. ಖಾಲಿ ಜಾಗದ ವ್ಯತ್ಯಾಸ ಬಿಟ್ಟು ಡಿಫ್ ತೋರಿಸುವ ಆಯ್ಕೆ ಇದೆ. ಇಂಡೆಂಟೇಶನ್ ಮಾತ್ರ ಬದಲಾಗಿದೆ ಎನ್ನುವ ನೂರು ಸಾಲಿನ ಪ್ಯಾಚ್‌ನಲ್ಲಿ ಈ ಆಯ್ಕೆ ಬಳಸಿದ ಮೇಲೂ ಒಂದು ಸಾಲು ಉಳಿದರೆ, ನೋಡಬೇಕಾದದ್ದು ಅದನ್ನೇ. ಜಾಗ ಬದಲಿಸಿದ ಕೋಡನ್ನು ಬೇರೆ ಬಣ್ಣದಲ್ಲಿ ತೋರಿಸುವ ಆಯ್ಕೆಯೂ ಇದೆ. ಸರಿಸಿದ ಜೊತೆಗೇ ಯಾರಾದರೂ ಒಂದು ಅಕ್ಷರ ತಿದ್ದಿದ್ದರೆ ಆ ಸಾಲಿನ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ. ಇದೇ ಕಾರಣಕ್ಕೆ ಸರಿಸುವುದು ಒಂದು ಪ್ಯಾಚ್, ತಿದ್ದುವುದು ಇನ್ನೊಂದು ಪ್ಯಾಚ್ ಎಂದು ಕೇಳುವುದು ಹಠ ಅಲ್ಲ, ಓದುವವರ ಅಗತ್ಯ.

ನಿಮ್ಮ ಯಂತ್ರದಲ್ಲಿ ಕಂಪೈಲ್ ಆಯಿತು ಎಂಬುದನ್ನು ಜಾಸ್ತಿ ನಂಬಬೇಡಿ. ಕರ್ನಲ್‌ನ ಎಷ್ಟೋ ಕೋಡ್ ಕಾನ್ಫಿಗರೇಶನ್ ಮೇಲೆ ನಿಂತಿದೆ. ನೀವು ಮುಟ್ಟಿದ ಸಾಲು ನಿಮ್ಮ ಬಿಲ್ಡ್‌ನಲ್ಲಿ ಸೇರಿರಲೇ ಇಲ್ಲ ಎಂದಾಗಬಹುದು. 32 ಬಿಟ್‌ನಲ್ಲಿ ಬೇರೆ ಫಲ ಬರಬಹುದು. ಎಲ್ಲವನ್ನೂ ಮಾಡ್ಯೂಲ್ ಆಗಿ ಸೇರಿಸುವ ಕಾನ್ಫಿಗರೇಶನ್‌ನಲ್ಲಿ, ಕನಿಷ್ಠ ಎರಡು ಆರ್ಕಿಟೆಕ್ಚರ್‌ಗಳಿಗೆ ಬಿಲ್ಡ್ ಮಾಡಿ ನೋಡುವುದು ಒಳ್ಳೆಯದು. ಇಂಟೆಲ್ ನಡೆಸುವ ಟೆಸ್ಟ್ ರೋಬೋಟ್ ಕೂಡ ಬಂದ ಪ್ಯಾಚ್‌ಗಳನ್ನು ಹಲವು ಬಗೆಯಲ್ಲಿ ಬಿಲ್ಡ್ ಮಾಡಿ ತಪ್ಪು ಸಿಕ್ಕರೆ ತಿಳಿಸುತ್ತದೆ.

ಬೇಡ ಎನ್ನುವುದು

ಸರಿಯಾಗಿರುವ ಕ್ಲೀನಪ್ ಕೂಡ ಕೆಲವೊಮ್ಮೆ ಬೇಡ. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಯಾಕೆಂದರೆ ಪ್ಯಾಚ್‌ನಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಅದಕ್ಕೂ ಖರ್ಚಿದೆ. ಈ ಸಾಲು ಏಕೆ ಹೀಗಿದೆ ಎಂದು ಗಿಟ್ ಬ್ಲೇಮ್ (ಸಾಲನ್ನು ಕೊನೆಗೆ ಬದಲಿಸಿದ್ದು ಯಾವಾಗ, ಯಾರು ಎಂದು ತೋರಿಸುವ ಆಜ್ಞೆ) ಹಾಕಿ ಹುಡುಕುವವರಿಗೆ ನಿಜವಾದ ಕಾರಣದ ಬದಲು "ಖಾಲಿ ಜಾಗ ಸರಿ ಮಾಡಿದೆ" ಎಂಬ ಕಮಿಟ್ (ದಾಖಲಾದ ಬದಲಾವಣೆ) ಎದುರಾಗುತ್ತದೆ. ಫಿಕ್ಸ್‌ಗಳನ್ನಷ್ಟೇ ಸೇರಿಸುವ ಹಳೆಯ ಸ್ಟೇಬಲ್ ಆವೃತ್ತಿಗಳಿಗೆ ಭದ್ರತೆಯ ಫಿಕ್ಸ್ ಒಯ್ಯುವವರಿಗೆ, ಸುತ್ತಲಿನ ಸಾಲುಗಳು ಬದಲಾಗಿರುವುದರಿಂದ ಪ್ಯಾಚ್ ಕೂರುವುದಿಲ್ಲ. ಕೈಯಾರೆ ಕೂರಿಸಬೇಕು, ಆಗ ಹೊಸ ತಪ್ಪು ನುಸುಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಒಂದೊಂದು ಭಾಗದ ಹೊಣೆ ಹೊತ್ತ ಮೇಂಟೇನರ್‌ಗಳ ಸಮಯ. ಅದೇ ಅತಿ ಕಡಿಮೆ ಇರುವ ಸಂಪತ್ತು.

ನೆಟ್‌ವರ್ಕ್ ವಿಭಾಗ ಈ ಬಗ್ಗೆ ತನ್ನ ದಾಖಲೆಯಲ್ಲಿ ನೇರವಾಗಿ ಬರೆದಿದೆ. ಬೇರೆ ಕೆಲಸದ ಭಾಗವಾಗಿ ಬರದ ಸರಳ ಕ್ಲೀನಪ್‌ಗಳನ್ನು ಅವರು ಪ್ರೋತ್ಸಾಹಿಸುವುದಿಲ್ಲ. ಚೆಕ್‌ಪ್ಯಾಚ್ ವಾರ್ನಿಂಗ್ ತೆಗೆಯುವುದು, ಡೆವ್-ಎಂಗೆ ಬದಲಿಸುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಕಾಗುಣಿತ ಮತ್ತು ವ್ಯಾಕರಣದ ತಿದ್ದುಪಡಿಗೆ ಮಾತ್ರ ಅಡ್ಡಿ ಇಲ್ಲ. ನನಗೆ ಈ ನಿಲುವು ನ್ಯಾಯವಾಗಿ ಕಾಣುತ್ತದೆ. ನೀವು ಆ ಡ್ರೈವರ್‌ಗೆ ಹೊಸದೇನೋ ಸೇರಿಸುತ್ತಿದ್ದರೆ ಅದನ್ನು ಓದಿ ಅರ್ಥ ಮಾಡಿಕೊಂಡಿರುತ್ತೀರಿ, ನಿಮ್ಮ ಹತ್ತಿರ ಹಾರ್ಡ್‌ವೇರ್ ಇರುತ್ತದೆ, ಟೆಸ್ಟ್ ಮಾಡುತ್ತೀರಿ. ಆಗ ಮಾಡಿದ ಕ್ಲೀನಪ್‌ಗೆ ತೂಕ ಬೇರೆ.

ಬೇಡ ಎನ್ನುವಾಗ ಕಾರಣ ಹೇಳಿ. ಹೊಸಬರಿಗೆ ಒಂದು ಸಾಲಿನ ಉತ್ತರ ಮನಸ್ಸಿಗೆ ನಾಟುತ್ತದೆ. "ಇದು ಸರಿ ಇದೆ, ಆದರೆ ಈ ಡ್ರೈವರ್ ಅನ್ನು ಟೆಸ್ಟ್ ಮಾಡುವವರು ಯಾರೂ ಇಲ್ಲ, ಅಪಾಯಕ್ಕೆ ತಕ್ಕ ಲಾಭ ಇಲ್ಲ" ಎಂದರೆ ಅವರು ಕಲಿಯುತ್ತಾರೆ. ಹಾಗೆಂದು ಸಣ್ಣ ಪ್ಯಾಚ್ ಕಳಿಸುವವರೆಲ್ಲ ಮುಗ್ಧರು ಎಂದೂ ಅಂದುಕೊಳ್ಳುವಂತಿಲ್ಲ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಸುಳ್ಳು ಹೆಸರಿನಲ್ಲಿ, ಸಣ್ಣ ಫಿಕ್ಸ್‌ಗಳ ಹಾಗೆ ಕಾಣುವ ದೋಷವಿರುವ ಪ್ಯಾಚ್‌ಗಳನ್ನು ಬೇಕೆಂದೇ ಕಳಿಸಿದ್ದರು. 2021ರ ಏಪ್ರಿಲ್‌ನಲ್ಲಿ ಇದು ದೊಡ್ಡ ಗಲಾಟೆಯಾಯಿತು. ಆ ವಿಶ್ವವಿದ್ಯಾಲಯದಿಂದ ಬಂದಿದ್ದ 435 ಕಮಿಟ್‌ಗಳನ್ನು ಹಲವರು ಕೂತು ಮತ್ತೆ ಓದಬೇಕಾಯಿತು. ಬಹುಪಾಲು ಸರಿಯಾಗಿಯೇ ಇದ್ದವು, ಆದರೆ ಓದುವ ಶ್ರಮವಂತೂ ತಪ್ಪಲಿಲ್ಲ.

ವಿವರಣೆಯ ಬಗ್ಗೆ ಒಂದು ಮಾತು. ಏನು ಮಾಡಿದೆ ಎಂಬುದು ಡಿಫ್‌ನಲ್ಲೇ ಕಾಣುತ್ತದೆ, ಏಕೆ ಮಾಡಿದೆ ಎಂಬುದು ಬೇಕು. ಹಳೆಯ ಯಾವ ಬದಲಾವಣೆಯ ತಪ್ಪು ಸರಿಯಾಯಿತು ಎಂದು ಹೇಳುವ ಫಿಕ್ಸಸ್ ಎಂಬ ಟ್ಯಾಗನ್ನು ಬರೀ ಕ್ಲೀನಪ್‌ಗೆ ಹಾಕಿದ್ದರೆ ತೆಗೆಯಲು ಹೇಳಿ. ಆ ಟ್ಯಾಗ್ ನೋಡಿ ಸ್ಟೇಬಲ್ ಆವೃತ್ತಿಗಳಿಗೆ ಪ್ಯಾಚ್ ಆರಿಸಿಕೊಳ್ಳುತ್ತಾರೆ. ಅನಗತ್ಯ ಬದಲಾವಣೆ ಲಕ್ಷಾಂತರ ಯಂತ್ರಗಳಿಗೆ ಹೋಗುತ್ತದೆ. ಉಲ್ಟಾ ಕೂಡ ನಿಜ. ಕ್ಲೀನಪ್ ಎಂದು ಹೆಸರಿಟ್ಟ ಪ್ಯಾಚ್ ನಿಜಕ್ಕೂ ಒಂದು ಬಗ್ ಸರಿ ಮಾಡುತ್ತಿದ್ದರೆ ಅದನ್ನು ಹಾಗೆಂದೇ ಬರೆಯಬೇಕು, ಇಲ್ಲದಿದ್ದರೆ ಬೇಕಾದವರಿಗೆ ಅದು ತಲುಪುವುದಿಲ್ಲ.

ಇಷ್ಟೆಲ್ಲ ಓದಿ ಕ್ಲೀನಪ್‌ಗಳೇ ಬೇಡ ಅನ್ನಿಸಿದರೆ, ಫಾಲ್‌ಥ್ರೂ ಕೆಲಸವನ್ನು ನೋಡಬೇಕು. ಸಿ ಭಾಷೆಯ ಸ್ವಿಚ್‌ನಲ್ಲಿ ಒಂದು ಕೇಸ್‌ನ ಕೊನೆಗೆ ಬ್ರೇಕ್ ಮರೆತರೆ ಮುಂದಿನ ಕೇಸ್‌ಗೆ ಜಾರುತ್ತದೆ. ಕೆಲವು ಸಲ ಬೇಕೆಂದೇ ಹಾಗೆ ಬಿಟ್ಟಿರುತ್ತಾರೆ, ಕೆಲವು ಸಲ ಮರೆತಿರುತ್ತಾರೆ, ನೋಡಿದರೆ ಎರಡೂ ಒಂದೇ ತರಹ. ಹಲವು ವರ್ಷ ಕೂತು ಇಡೀ ಕರ್ನಲ್‌ನ ಇಂಥ ಜಾಗಗಳನ್ನೆಲ್ಲ ಒಂದೊಂದಾಗಿ ಓದಿ, ಕಾಮೆಂಟ್ ಬರೆದು ಗುರುತು ಹಾಕಿದರು. ಸಣ್ಣ ಸಣ್ಣ ಪ್ಯಾಚ್‌ಗಳು, ಪ್ರತಿಯೊಂದಕ್ಕೂ ಅದೇ ಪ್ರಶ್ನೆ: ಇದು ಬೇಕೆಂದು ಬಿಟ್ಟದ್ದೇ, ಮರೆತದ್ದೇ? ಓದುತ್ತಾ ಹೋದಂತೆ ನಿಜವಾಗಿಯೂ ಮರೆತ ಬ್ರೇಕ್‌ಗಳು ಸಿಕ್ಕವು. 2019ರಲ್ಲಿ, 5.3ನೇ ಆವೃತ್ತಿಯಲ್ಲಿ, ಆ ಕಂಪೈಲರ್ ವಾರ್ನಿಂಗನ್ನು ಎಲ್ಲರಿಗೂ ಆನ್ ಮಾಡಿದರು. ಆಮೇಲೆ ಕಾಮೆಂಟ್‌ಗಳ ಜಾಗದಲ್ಲಿ ಫಾಲ್‌ಥ್ರೂ ಎಂಬ ಪದವನ್ನೇ ಕೀವರ್ಡ್‌ನಂತೆ ಬಳಸುವ ವ್ಯವಸ್ಥೆ ಬಂತು. ಅದಕ್ಕೂ ಮುಂಚೆ, 2018ರ ಕೊನೆಗೆ ಬಂದ 4.20ರಲ್ಲಿ, ಸ್ಟ್ಯಾಕ್ ಮೇಲೆ ಅಳತೆ ಗೊತ್ತಿಲ್ಲದ ಅರೇ ಇಡುವ ಪದ್ಧತಿಯನ್ನು ಇದೇ ರೀತಿ ಜಾಗಜಾಗಕ್ಕೆ ಹುಡುಕಿ ತೆಗೆದು, ಮತ್ತೆ ಬಾರದ ಹಾಗೆ ವಾರ್ನಿಂಗ್ ಇಟ್ಟಿದ್ದರು. ಈಗ ಸ್ವಿಚ್‌ನಲ್ಲಿ ಯಾರಾದರೂ ಬ್ರೇಕ್ ಮರೆತರೆ ಕಂಪೈಲರ್ ಆಗಲೇ ಕೂಗುತ್ತದೆ, ರಿವ್ಯೂ ಮಾಡುವವರ ಕಣ್ಣು ಬೇರೆ ಸಾಲಿನ ಮೇಲೆ ಇರಬಹುದು.